ಕೈ ಸಡಿಲ ಬಿಡು, ಬೇಟಿ

ಬಸವಕಲ್ಯಾಣದ ಬಜಾರಿನ ಆ ಬಳೆಗಾರ್ತಿ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬೆರಳ ಗೆಣ್ಣುಗಳನ್ನು ಒಮ್ಮೆ ಸವರಿ, "ಕೈ ಸಡಿಲ ಬಿಡು, ಬೇಟಿ" ಅನ್ನುತ್ತಿದ್ದಳು. ವಯಸ್ಸಿನಲ್ಲಿ ಆಕೆ ನನಗಿಂತ ಕಿರಿಯಳಾದರೂ ನಾನೂ ಅವಳಿಗೆ ಬೇಟಿ, ಮಗಳೇ!

ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಥಲಸ್ಸೇಮಿಯಾ. ಹುಮನಾಬಾದಿನ ದವಾಖಾನೆಯಲ್ಲಿ ರಕ್ತ ಏರಿಸಿಕೊಂಡೇ ಬೆಳೆದ ಕೂಸು. ಆ ಬೇನೆ ಎಲುಬನ್ನೂ ಸವೆಸುತ್ತದೆ. ಒಮ್ಮೆ ಕೊಡ ಎತ್ತುವಾಗ ಅವಳ ಮುಂಗೈ ಮುರಿದಿತ್ತು. ಆದರೂ ತನ್ನ ಮದುವೆಗೆ ಹಸಿರು ಗಾಜಿನ ಬಳೆಯೇ ಬೇಕೆಂದು ಹಟ ಹಿಡಿದಳು.

"ಪ್ಲಾಸ್ಟಿಕ್ ಬಳಿ ಹಾಕ್ಕೋ ಅಂದ್ರ ಕೇಳವಲ್ಲಳು. ಎಲುಬು ಭಾಳ ನಾಜೂಕ ಅದರಿ," ಎಂದು ಬಳೆಗಾರ್ತಿಗೆ ಹೇಳಿದೆ.

ಆಕೆ ಸಾಬೂನು ಹಚ್ಚಿ, ಬೆರಳು ಮಡಿಸಿ, ಒಂದೊಂದೇ ಬಳೆ ಏರಿಸಿದಳು. ಕೊನೆಯದು ಗೆಣ್ಣಿಗೆ ಸಿಕ್ಕಿಕೊಂಡಿತು. ಮೊಮ್ಮಗಳು ಹಲ್ಲು ಕಚ್ಚಿದಳು. ಬಳೆಗಾರ್ತಿ ಒತ್ತಲಿಲ್ಲ, ಬಳೆಯನ್ನೇ ಚಿವುಟಿ ಒಡೆದಳು. ಆಕೆಯ ಹೆಬ್ಬೆರಳಲ್ಲಿ ರಕ್ತ ಜಿನುಗಿತು.

"ಅಯ್ಯ, ಮದಿಮಗಳ ಬಳಿ ಒಡದ್ಯಲ್ಲ!" ಎಂದು ಕೂಗಿದೆ.

"ನನ್ನ ದುಕಾನದಾಗ ಬಳಿ ಭಾಳ ಅವ, ಬೇಟಿ. ಈ ಕೈ ಎಲ್ಲಿಂದ ತರ್ಲಿ?"

ಮೊಮ್ಮಗಳು ಅದೇ ಕೈಯನ್ನು ಮತ್ತೆ ಒಡ್ಡಿದಳು. "ಇನ್ನೊಂದು ಏರಸ್ರಿ, ಚಾಚಿ." ಎರಡೂ ಕೈ ತುಂಬಿದ ಮೇಲೆಯೇ ಎದ್ದಳು.

ಬಳೆಗಾರ್ತಿ ಈಗ ಆ ಬಜಾರಿನಲ್ಲಿಲ್ಲ. ನಿನ್ನೆ ಮೊಮ್ಮಗಳು ತವರಿಗೆ ಬಂದವಳೇ ಜೋಳದ ರೊಟ್ಟಿ ಬಡಿಯಲು ಕುಳಿತಳು. ಅವಳ ಹಸಿರು ಬಳೆಗಳ ಸಪ್ಪಳಕ್ಕೆ ನನ್ನ ಎದೆ ತುಂಬಿ ಬಂತು.

"ಮೆಲ್ಲಗ ಬಡಿ, ನನ್ನವ್ವ," ಎಂದೆ.

ಅವಳು ಹಿಟ್ಟಿನ ಕೈಯನ್ನು ಗಲಗಲ ಅಲ್ಲಾಡಿಸಿ ನಕ್ಕಳು: "ಕೈ ಸಡಿಲನ ಬಿಟ್ಟೇನಿ, ಬೇಟಿ!"