ಪಟ್ಟಿ ಮಾವನ ಒಂದೇ ಗೋಲು

ಫುಟ್‌ಬಾಲ್ ಲೀಗಿನ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಯೋಗ್ಯತೆಯಿಂದಲ್ಲ, ಅಮ್ಮನ ಕಣ್ಣೀರಿನಿಂದ. ಅಮ್ಮ ಅತ್ತದ್ದು ತನ್ನ ಅಣ್ಣನ ಮುಂದೆ. ದೇಶದ ಮೊದಲ ದರ್ಜೆಯ ತಂಡಗಳಲ್ಲಿ ಯಾರು ಯಾರಿಗೆ ಎಷ್ಟು ಗೋಲು ಹೊಡೆದರು, ಯಾವ ಎರಡು ತಂಡಗಳು ಕೆಳದರ್ಜೆಗೆ ಜಾರಿದವು ಎಂದು ಪಟ್ಟಿ ಬರೆಯುವ ಗುಮಾಸ್ತರು ಅವರು. ನಾನು ಸೇರಿದ ಮೇಲೆ ಅವರು ಕಚೇರಿಗೆಲ್ಲ 'ಪಟ್ಟಿ ಮಾವ' ಆದರು. ಸಂಸ್ಥೆಗೆ ನನ್ನ ಕೊಡುಗೆ ಇದೊಂದೇ.

ಎಂಟು ತಂಡಗಳಿಂದ ಶುರುವಾಗಿ ಹದಿನಾರಕ್ಕೆ ಬೆಳೆದ ಲೀಗಿಗೆ ಈ ವರ್ಷ ಐವತ್ತು ತುಂಬಿತು. ನೆನಪಿಗೊಂದು ದಪ್ಪ ಪುಸ್ತಕ. ಅದರ ಕೊನೆಗೆ ಗೋಲು ಹೊಡೆದ ಪ್ರತಿಯೊಬ್ಬನ ಹೆಸರು. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ತಲೆಗೆ ಬಿತ್ತು.

ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅತ್ತೆ ನಾನು ಹೋದಾಗಲೆಲ್ಲ ಕೇಳುತ್ತಿದ್ದರು: "ಎಲ್ಲಿಗೆ ಬಂತೋ ಪುಸ್ತಕ? ನಿಮ್ಮ ಮಾವನ ಹೆಸರು ಅಚ್ಚಾಗಿದ್ದು ನೋಡೇ ನಾನು ಕಣ್ಣು ಮುಚ್ಚೋದು."

ಮಾವ ಮೊದಲ ದರ್ಜೆಯಲ್ಲಿ ಆಡಿದ್ದು ಒಂದೇ ಪಂದ್ಯ. ಬದಲಿ ಆಟಗಾರನಾಗಿ ಇಳಿದು, ಮುಗಿಯುವ ಹೊತ್ತಿಗೆ ಗೋಲು ಹೊಡೆದಿದ್ದರು. ಹೊಸದಾಗಿ ಮದುವೆಯಾಗಿದ್ದ ಅತ್ತೆ ಅಂದು ಮೈದಾನದಲ್ಲಿದ್ದರು. ಹಾಲಿನವನಿಂದ ಹಿಡಿದು ನರ್ಸಿನವರೆಗೆ ಅದನ್ನು ಕೇಳದವರಿಲ್ಲ. ಗೋಲುಪೆಟ್ಟಿಗೆಯ ಬಾಯಲ್ಲಿ ಒದ್ದ ಚೆಂಡು ವರ್ಷ ಕಳೆದಂತೆ ಹಿಂದೆ ಹಿಂದೆ ಸರಿದು, ಈಗ ಮೈದಾನದ ನಡುವಿನಿಂದ ಹಾರಿ ಬರುತ್ತಿತ್ತು.

ಆ ವರ್ಷದ ರಿಜಿಸ್ಟರು ತೆರೆದೆ. ಏಳು ಪಂದ್ಯಗಳ ಮೇಲೆ ಕೆಂಪು ಗೆರೆ, ಮಾವ ಆಡಿದ್ದೂ ಅದರಲ್ಲೊಂದು. ಮಾವನ ಎದುರು ಆಡಿದ್ದ ತಂಡ ಲೀಗಿನ ನಡುವೆಯೇ ಬಾಗಿಲು ಮುಚ್ಚಿತ್ತು. ಅರ್ಧದಷ್ಟು ಪಂದ್ಯಗಳನ್ನೂ ಆಡದೆ ಹೊರಟ ತಂಡದ ಆಟಗಳೆಲ್ಲ ನಡೆದೇ ಇಲ್ಲವೆಂದು ಲೀಗಿನ ನಿಯಮ. ಗೆರೆಯ ಕೆಳಗಿನ ಸಹಿ ಮಾವನದೇ. ಪಂದ್ಯದ ಮರುತಿಂಗಳೇ ಮೊಣಕಾಲು ಕೈಕೊಟ್ಟಾಗ, ಪಾಪ ಎಂದು ಅವರನ್ನು ಕಚೇರಿಗೆ ಸೇರಿಸಿಕೊಂಡಿದ್ದರು. ಅಲ್ಲಿ ಅವರ ಮೊದಲ ಕೆಲಸವೇ ಈ ಗೆರೆ ಎಳೆಯುವುದು.

ನಾನು ಸುಮ್ಮನೆ ಅವರ ಹೆಸರು ಸೇರಿಸಿಬಿಟ್ಟೆ. ಮಾವ ತಿದ್ದಿ ಕೊಟ್ಟ ಪ್ರೂಫಿನಲ್ಲಿ ಅದನ್ನು ಹೊಡೆದುಹಾಕಿದ್ದರು.

"ಒಂದು ಗೋಲು ಮಾವ. ಯಾರಿಗೆ ಗೊತ್ತಾಗುತ್ತೆ?"

"ನನ್ನದು ಸೇರಿಸಿದ್ರೆ ಆ ಏಳು ಪಂದ್ಯದೋರೆಲ್ಲರದ್ದೂ ಸೇರಿಸ್ಬೇಕು. ಪಾಯಿಂಟು ಬದಲಾಗುತ್ತೆ, ಆ ವರ್ಷ ಗೆದ್ದೋರು ಎರಡನೇ ಸ್ಥಾನಕ್ಕೆ ಬರ್ತಾರೆ. ನೀನು ಹೋಗಿ ಕಪ್ ಇಸ್ಕೊಂಡು ಬರ್ತೀಯೇನೋ?"

"ಅತ್ತೆಗೆ ಏನು ಹೇಳ್ತೀರಿ?"

ಮಾವ ಪೆನ್ನಿನ ಮುಚ್ಚಳ ಹಾಕಿದರು.

ಪುಸ್ತಕ ಬಂತು. ಭಾನುವಾರ ಬೆಳಿಗ್ಗೆ ನಾನೇ ಒಯ್ದೆ. ಅತ್ತೆಗೆ ಕಣ್ಣು ಮಂಜು, "ನೀನೇ ಓದೋ" ಎಂದರು. ಬೇರೆ ಯಾವುದಕ್ಕೂ ಬಾರದವನು ಸುಳ್ಳಿಗಾದರೂ ಬಂದೇನು ಎಂಬ ಧೈರ್ಯದಲ್ಲಿ, ಎರಡು ಹೆಸರುಗಳ ನಡುವೆ ಮಾವನ ಹೆಸರು ತೂರಿಸಿ ಓದಿದೆ: ಒಂದು ಪಂದ್ಯ, ಒಂದು ಗೋಲು. ಅತ್ತೆಯ ಮುಖ ಅರಳಿತು.

"ಇನ್ನೊಂದ್ಸಲ ಓದೋ."

"ಸಾಕು ನಿಲ್ಲಿಸೋ," ಎಂದರು ಕುರ್ಚಿಯಲ್ಲಿದ್ದ ಮಾವ. "ಅದರಲ್ಲಿ ನನ್ನ ಹೆಸರಿಲ್ಲ ಕಣೇ." ನಿಯಮ, ಗೆರೆ, ಸಹಿ, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದರು.

ಅತ್ತೆ ಕೈಚಾಚಿ ನನ್ನ ಕೈಲಿದ್ದ ಪುಸ್ತಕ ಮುಚ್ಚಿದರು. ಆಮೇಲೆ, "ಗೋಲು ಹೋದ್ರೆ ಹೋಗ್ಲಿ ರೀ. ಮೂವತ್ತೊಂದು ವರ್ಷ ಕಂಡಕಂಡೋರಿಗೆಲ್ಲ ಹೇಳ್ಕೊಂಡು ಬಂದೆ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ. ಒಂದಿನ ಬಾಯಿ ಬಿಡ್ಬಾರ್ದಿತ್ತಾ?"

"ನೀನು ಹೇಳೋವಾಗ…" ಮಾವ ತಡವರಿಸಿದರು. "ನೀನು ಹೇಳೋವಾಗ ಅದು ಇತ್ತು ಅನ್ನಿಸ್ತಿತ್ತು ಕಣೇ."

ಅತ್ತೆ ಸೊಂಟದ ನೋವಿಗೆ ಎಷ್ಟು ಸಾಧ್ಯವೋ ಅಷ್ಟು ಗೋಡೆಯ ಕಡೆ ಹೊರಳಿದರು. ಮಾವ ಎದ್ದು ಬೆನ್ನಿಗೆ ದಿಂಬು ಕೊಡಲು ಹೋದರು. ಅತ್ತೆ ಹಿಂದಿರುಗಿ ನೋಡದೆ ಅದನ್ನು ಕೈಯಿಂದ ಆಚೆ ತಳ್ಳಿದರು. ಮಾವ ಆ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತರು.