ಒಳಗಿನ ಕೂಸಿನ ಒತ್ತಡ ಬಲ್ಲ ಯಮುನಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹೆರಿಗೆ ವೈದ್ಯರಲ್ಲಿ ಡಾ. ಯಮುನಮ್ಮನವರದು ಮೊದಲ ಹೆಸರು. ಎರಡನೆಯದು ನನ್ನದಿರಬೇಕು; ಯಾರೂ ಎಣಿಸಿಲ್ಲ. ಈ 2009ರಲ್ಲಿ ಅವರು ನಿವೃತ್ತರಾಗುವವರೆಗೂ ಆಸ್ಪತ್ರೆಯಲ್ಲಿ ಅವರ ಪಕ್ಕದ ಕೋಣೆಯಲ್ಲಿ ಕುಳಿತವಳು ನಾನು. ಸಿರಿಮನೆಯಿಂದಲೋ ಮೇಗುಂದದಿಂದಲೋ ಬಂದ ಬಸುರಿಯರು ನನ್ನ ಬಾಗಿಲು ದಾಟಿ ಅವರ ಬೆಂಚಿನಲ್ಲೇ ಕಾಯುತ್ತಿದ್ದಾಗ ನನ್ನ ಹೊಟ್ಟೆ ಉರಿಯುತ್ತಿತ್ತೆಂದು ಅವರ ಈ ಅಭಿನಂದನ ಗ್ರಂಥದಲ್ಲಿ ಬರೆಯದಿದ್ದರೆ ಅವರ ಗೌರವವೇ ಅಪೂರ್ಣವಾದೀತು.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಕ್ವಾರ್ಟರ್ಸ್ ಸಿಗದೆ ಪರದಾಡುತ್ತಿದ್ದಾಗ ತಮ್ಮ ಮನೆಯ ಅರ್ಧವನ್ನೇ ಬಿಟ್ಟುಕೊಟ್ಟವರು ಅವರು. ಅದೂ ಸಾಲದೆಂಬಂತೆ ದಾದಿಯರಿಗೆ ಪಾಠವನ್ನೂ ನನಗಿಂತ ಚೆನ್ನಾಗಿ ಹೇಳುತ್ತಿದ್ದರು! ಆಮ್ಲಜನಕ ಕಡಿಮೆಯಾದಾಗ ಗರ್ಭಸ್ಥ ಶಿಶುವಿನ ನರಮಂಡಲವು ಹೃದಯದ ಬಡಿತವನ್ನು ತಗ್ಗಿಸಿ, ಕೈಕಾಲು, ಕರುಳುಗಳ ರಕ್ತನಾಳಗಳನ್ನು ಬಿಗಿದು, ರಕ್ತದೊತ್ತಡ ಕುಸಿಯದಂತೆ ಕಾದು, ಮೆದುಳಿಗೂ ಹೃದಯಕ್ಕೂ ರಕ್ತ ಉಳಿಸುತ್ತದೆಂದು ನಾನು ವಿವರಿಸಿದರೆ ದಾದಿಯರು ಆಕಳಿಸುತ್ತಿದ್ದರು. ಯಮುನಕ್ಕ, "ಪೈಪಲ್ಲಿ ನೀರು ಕಮ್ಮಿಯಾದ್ರೆ ಪಕ್ಕದ ವಾಲ್ವ್ ಮುಚ್ತೀರಲ್ಲ, ಕೂಸೂ ಹಾಗೇ" ಎಂದರೆ ಮುಗಿಯಿತು, ಎಲ್ಲರಿಗೂ ಅರ್ಥವಾಗುತ್ತಿತ್ತು.

2006ರಲ್ಲಿ ನನ್ನ ಮಗಳು ರಮ್ಯ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಾಯಿಯೇ ಹೆರಿಗೆ ವೈದ್ಯೆ. ಆದರೂ ಅವಳು, "ಅಮ್ಮ, ನೀ ಹೊರಗಿರು. ನಂಗೆ ಯಮುನಕ್ಕ ಸಾಕು" ಎಂದುಬಿಟ್ಟಳು. ನಾನು ಹೊರಗೆ ಹೋಗಲಿಲ್ಲ. ಪ್ರತಿ ನೋವಿಗೂ ಮಗುವಿನ ಎದೆಬಡಿತ ಇಳಿಯತೊಡಗಿದಾಗ, "ಈಗಲೇ ಆಪರೇಷನ್ ಮಾಡಿ ಅಕ್ಕ!" ಎಂದು ಕಿರುಚಿದೆ.

"ತಡಿ ಮಾರಾಯ್ತಿ. ನೋವು ಹೋದ ಕೂಡ್ಲೆ ಬಡಿತ ಎದ್ದು ಬರ್ತಿದೆ. ಕೂಸು ತಡ್ಕೊಂಡಿದೆ, ನೀನೂ ತಡ್ಕೊ" ಎಂದ ಅವರು, ಥಿಯೇಟರ್ ಮಾತ್ರ ಸಿದ್ಧಮಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ನನಗೂ ಧೈರ್ಯ ಬಂದು, ಇನ್ನಷ್ಟು ಕಾಯೋಣವೆಂದೆ. ಅವರು ರಮ್ಯಳ ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆ, "ಬೇಡ. ಬಡಿತ ಏಳೋದು ನಿಧಾನ ಆಗ್ತಿದೆ. ಅದ್ರ ಕೈಲಿ ಇನ್ನಾಗಲ್ಲ" ಎಂದು ಥಿಯೇಟರಿಗೆ ಸಾಗಿಸಿದರು. ಮೊಮ್ಮಗಳು ಹುಟ್ಟಿದ ತಕ್ಷಣ ಅತ್ತಳು. ಎರಡು ಸಲವೂ ಅವರೇ ಸರಿ! ಒಂದು ಸಲವಾದರೂ ನನಗೆ ಬಿಡಬಾರದಿತ್ತೇ?

ಚೊಚ್ಚಲ ಮಗುವನ್ನು ಮೊದಲು ಅಜ್ಜಿಯ ಮಡಿಲಿಗೆ ಕೊಡುವುದು ನಮ್ಮ ಮನೆಯ ರೂಢಿ. ರಮ್ಯ ಮೇಜಿನ ಮೇಲಿಂದಲೇ, "ಯಮುನಕ್ಕನಿಗೆ ಕೊಡಿ" ಎಂದಳು. ಅವರು ಹೊಲಿಗೆ ಮುಗಿಸಿ, ಮಗುವನ್ನು ತೆಗೆದುಕೊಂಡು ನೇರ ಬಂದು ನನ್ನ ಮಡಿಲಿಗೆ ಇಟ್ಟರು. ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಯಮುನಕ್ಕ ನೂರು ವರ್ಷ ಬಾಳಲಿ. ಅವರ ಕೈಗೆ ಮಾತ್ರ ನಿವೃತ್ತಿ ಬೇಡ. ಮುಂದಿನ ತಿಂಗಳು ರಮ್ಯಳಿಗೆ ಎರಡನೆಯ ಹೆರಿಗೆ. ಅವರೇ ಬರಬೇಕೆಂದು ಅವಳು ಫೋನ್ ಮಾಡುವ ಮೊದಲೇ ಅವರಿಗೆ ಫೋನ್ ಮಾಡಿದವಳು ನಾನು. ಅಕ್ಕ, ದಯವಿಟ್ಟು ಅವಳಿಗೆ ಹೇಳಬೇಡಿ.