ನೀರು ಕೊಡುವವರ ಹೆಸರು

ಮೊನ್ನೆ ಅಡುಗೆಮನೆಯ ಅಟ್ಟ ಖಾಲಿ ಮಾಡುವಾಗ ನನ್ನ ಗೃಹಪ್ರವೇಶಕ್ಕೆ ಅಮ್ಮ ಕೊಟ್ಟಿದ್ದ ಸ್ಟೀಲ್ ಚೊಂಬು ಸಿಕ್ಕಿತು. ಕಂಠದ ಕೆಳಗೆ ಅಮ್ಮನ ಹೆಸರು, ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಬೆರಳಾಡಿಸಿದೆ. ಕೆಂಗೇರಿಯ ಪಾತ್ರೆ ಅಂಗಡಿಯ ಜಗುಲಿ, ಉಳಿಯ ಟಕಟಕ, ಮೂಗಿನ ತುದಿಗೆ ಜಾರಿದ ಕನ್ನಡಕ... ಚಾಚಾ ನೆನಪಾದರು.

ಪಾತ್ರೆಗಳಿಗೆ ಹೆಸರು ಹಾಕುವುದು ಅವರ ಕೆಲಸ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವವರೆಲ್ಲ ಚೀಟಿಯಲ್ಲಿ ತಮ್ಮ ಹೆಸರು ಬರೆದುಕೊಟ್ಟು ಕಾಯುತ್ತಿದ್ದರು. ಚಾಚಾಗೆ ಕನ್ನಡ ಓದಲು ಬಾರದು. ಆದರೆ ಚೀಟಿ ನೋಡಿ ಕೊರೆದರೆ, ಕನ್ನಡ ಮೇಷ್ಟ್ರಾದ ನನ್ನ ಅಕ್ಷರಕ್ಕಿಂತ ದುಂಡಗೆ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚು.

ಒಂದು ರಂಜಾನಿನಲ್ಲಿ ಚಾಚಾ ತಮ್ಮನ ಊರಿಗೆ ಹೋದರು. ಅಲ್ಲಿನ ಮಸೀದಿಯಲ್ಲಿ, ಶುಕ್ರವಾರದ ನಮಾಜಿನ ಹೊತ್ತಿಗೆ, ಭಯೋತ್ಪಾದಕರು ಇಟ್ಟಿದ್ದ ಬಾಂಬ್ ಸಿಡಿಯಿತು. ಒಂಬತ್ತು ಜನ ಸತ್ತರು. ಪಕ್ಕದಲ್ಲೇ ನಿಂತಿದ್ದ ತಮ್ಮನೂ ಅವರಲ್ಲೊಬ್ಬ. ಎಡಗಿವಿಯನ್ನೂ ಎಡಗೈಯ ಎರಡು ಬೆರಳನ್ನೂ ಕಳೆದುಕೊಂಡು ಚಾಚಾ ಮರಳಿದರು. ಪತ್ರಿಕೆಯಲ್ಲಿ ಸತ್ತವರ ಲೆಕ್ಕ ಬಂತು, ಹೆಸರು ಬರಲಿಲ್ಲ. ಬಾಂಬ್ ಇಟ್ಟವರ ಹೆಸರು ಮಾತ್ರ ವಾರಗಟ್ಟಲೆ ಬಂತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಾಯ ಮಾಯುವ ಮೊದಲೇ ಜಗುಲಿಗೆ ಬಂದು ಕೂತರು. ಮುಂದೆ ಒಂಬತ್ತು ಹೊಸ ಲೋಟ. "ಮೇಷ್ಟ್ರೇ, ನಾನು ಹೇಳ್ತೀನಿ, ನೀವು ಕನ್ನಡದಲ್ಲಿ ಬರೀರಿ" ಎಂದರು.

ಬರೆದೆ. ಗೌರವವಿರಲೆಂದು ಪ್ರತಿ ಹೆಸರಿಗೂ ಮೊದಲು 'ದಿವಂಗತ' ಎಂದು ಸೇರಿಸಿದೆ. ಎಲ್ಲ ಸಾಲೂ ಒಂದೇ ಪದದಿಂದ ಶುರುವಾದದ್ದು ಕಂಡು ಚಾಚಾ ಬೆರಳಿಟ್ಟರು.

"ಇದೇನು?"

ಹೇಳಿದೆ.

"ತೆಗೀರಿ. ಪಾತ್ರೆ ಮೇಲೆ ಯಾರ ಹೆಸರು ಹಾಕ್ತಾರೆ? ಕೊಡೋರ್ದು. ಇವನ್ನ ಜಗುಲೀಲಿ ದಾರಿಹೋಕರ ನೀರಿಗಿಡ್ತೀನಿ. ಆ ನೀರು ಕೊಡೋರು ಅವ್ರೇ."

ತಪ್ಪು ನನ್ನದೇ. ಬೇರೆ ಚೀಟಿ ಬರೆದೆ.

ಅಂಗಡಿ ಮಾಲೀಕರಿಗೆ ಅಳುಕು. "ಚಾಚಾ, ಬೀದೀಲಿ ಈ ಹೆಸರೆಲ್ಲ ಯಾಕೆ? ಸುಮ್ನೆ ಗಲಾಟೆ ಆಗುತ್ತೆ."

"ಗಲಾಟೆ ಮಾಡಿದ್ದು ಬಾಂಬ್ ಇಟ್ಟೋರು. ನಾನು ನೀರಿಡ್ತಾ ಇದೀನಿ."

ಮರುದಿನವೇ ಜಗುಲಿಯ ಮೇಲೆ ಮಣ್ಣಿನ ಹೂಜಿ, ಸುತ್ತ ಒಂಬತ್ತು ಲೋಟ. ಒಬ್ಬ ಹೆಸರು ಓದಿ, ಕುಡಿಯದೆ ಇಟ್ಟು ಹೋದ. ಚಾಚಾ ಅದನ್ನು ತೊಳೆದು, ಹೆಸರು ರಸ್ತೆಗೆ ಕಾಣುವ ಹಾಗೆ ತಿರುಗಿಸಿಟ್ಟರು. ಬಸ್ಸಿಗೆ ಓಡುವವರು, ಡೆಲಿವರಿ ಗಾಡಿಯವರು, ಹೂ ಮಾರುವವಳು... ಬೇಸಿಗೆ ಮುಗಿಯುವುದರೊಳಗೆ ಅರ್ಧ ಕೆಂಗೇರಿ ಆ ಒಂಬತ್ತು ಮಂದಿ ಕೊಟ್ಟ ನೀರು ಕುಡಿದಿತ್ತು.

ಚಾಚಾ ತೀರಿಕೊಂಡು ಎರಡು ವರ್ಷವಾಯಿತು. ಈಗ ಅಂಗಡಿಯಲ್ಲಿ ಹೆಸರು ಕೊರೆಯಲು ಮೆಷಿನ್ ಇದೆ. ಅಕ್ಷರಕ್ಕೆ ಆ ದುಂಡು ಇಲ್ಲ. ಹೂಜಿಯನ್ನು ಅಂದು ಅಳುಕಿದ್ದ ಮಾಲೀಕರೇ ದಿನಾ ತುಂಬಿಸುತ್ತಾರೆ.

ಚೊಂಬು ಸಿಕ್ಕ ದಿನವೇ ಒಂದು ಲೋಟ ಕೊಂಡು ಚೀಟಿ ಬರೆದುಕೊಟ್ಟೆ. ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಈಗ ಜಗುಲಿಯ ಮೇಲೆ ಹತ್ತು ಲೋಟಗಳಿವೆ. ಚಾಚಾನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಂಗೇರಿಗೆ ಬನ್ನಿ, ಅವರು ಕೊಟ್ಟ ನೀರು ಕುಡಿದು ಓದಿಕೊಳ್ಳಿ.